ಹತ್ತು ಗಂಟೆಗೆ ಮುಚ್ಚುವ ಪರದೆ

೪ ಫೆಬ್ರವರಿ

ಅಣ್ಣ,

ಎರಡು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ಐದನೇ ನಿಮಿಷಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನೀನು ಬೈದದ್ದು ನನಗೆ ತಲುಪುವುದಕ್ಕೆ ನಾಲ್ಕು ದಿನ ಬೇಕು. ಅಷ್ಟರಲ್ಲಿ ನಿನ್ನ ಸಿಟ್ಟೂ ಇಳಿದಿರುತ್ತದೆ, ನನ್ನದೂ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಟೀಚರಮ್ಮ ಅಂಗಡಿಗೆ ಬಂದಿದ್ದರು. ನಮಗಿಬ್ಬರಿಗೂ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು ಈಗ ಕೋಲು ಹಿಡಿದಿದ್ದಾರೆ. ಗಿಡ್ಡವಾದ ಬಲಗಾಲಿಗೆ ಅಪ್ಪ ಕೊನೆಯದಾಗಿ ಮಾಡಿಕೊಟ್ಟ ಎತ್ತರದ ಬೂಟನ್ನೇ ಇನ್ನೂ ಹಾಕುತ್ತಿದ್ದಾರೆ. ಅದರ ಅಟ್ಟೆ ಎರಡು ಕಡೆ ಬಾಯಿ ಬಿಟ್ಟಿದೆ.

"ಹೊಸ ಜೋಡಿ ಬೇಕು," ಅಂದರು.

"ಕೂತ್ಕೊಳ್ಳಿ ಟೀಚರ್, ಅಳತೆ ತಗೋತೀನಿ."

"ಅಳತೆ ನಿಮ್ಮ ಕಂಪ್ಯೂಟರಲ್ಲೇ ಇದೆಯಲ್ಲ. ಈ ವಯಸ್ಸಲ್ಲಿ ನನ್ನ ಕಾಲೇನು ಬೆಳೆಯುತ್ತಾ? ಅಚ್ಚು ಮಾತ್ರ ನಿಮ್ಮಣ್ಣನೇ ಮಾಡ್ಬೇಕು."

"ಅವನು ಇಲ್ಲಿಲ್ಲ."

"ಎಲ್ಲಿದ್ದಾನೋ ಅಲ್ಲಿಂದಲೇ ಮಾಡ್ಲಿ. ಈಗ ಎಲ್ಲರೂ ಹಾಗೇ ಮಾಡ್ತಾರಂತೆ. ಆಗಲ್ಲ ಅಂದ್ರೆ ನಾನು ಮನೇಲೇ ಇರ್ತೀನಿ, ಬಿಡು."

ಮನೆಯಲ್ಲೇ ಇರುವುದು ಅವರ ಕೈಯಲ್ಲಾಗದ ಕೆಲಸ ಎಂದು ನಿನಗೂ ಗೊತ್ತು. ನೀನು ಅಲ್ಲಿ ಆಸ್ಪತ್ರೆಯ ಕೃತಕ ಕಾಲಿನ ವಿಭಾಗದಲ್ಲಿ ಕೂತಲ್ಲಿಂದಲೇ ಬೇರೆ ಊರಿನ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡುತ್ತೀಯ ಎಂದು ಚಿಕ್ಕಮ್ಮ ಹೇಳಿದಳು. ಬೂಟಿನ ಅಚ್ಚಿನ ನಕ್ಷೆ ಬರೆಯುವ ಪ್ರೋಗ್ರಾಂ ನಮ್ಮ ಈ ಹಳೇ ಯಂತ್ರ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ನೀನು ಒಳಗೆ ಬರಲು ಏನು ಮಾಡಬೇಕು, ಬರೆ.

ನಿನ್ನ ತಂಗಿ


೧೧ ಫೆಬ್ರವರಿ

ತಂಗಿಗೆ,

ಕಾಗದ ಬಂತು. "ಇವನ ಕೈಗೆ ಇನ್ನು ಯಾರೂ ಕಾಲು ಕೊಡಬೇಡಿ" ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ಹೇಳಿದವಳು ನೀನು. ಈಗ ಕಾಲು ಕೊಡುತ್ತೇನೆ ಅನ್ನುತ್ತಿರುವವರು ನಾನು ಮಾಡಿದ ಬೂಟು ಹಾಕಿಕೊಂಡು ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡವರು. ಅವರು ಕೇಳಿದ ಮೇಲೆ ನಾನು ಬೇಡ ಅನ್ನುವುದಿಲ್ಲ. ಮಾಡುತ್ತೇನೆ.

ಬೇಕಾದದ್ದು ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ. ಸೆಟ್ಟಿಂಗಿನಲ್ಲಿ ಅದು ಮುಚ್ಚಿರುತ್ತದೆ, ತೆರೆಯಬೇಕು. ಎಲ್ಲಿ ಒತ್ತಬೇಕು ಎನ್ನುವುದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನ ಹೆಸರು, ಮೋಡೆಮ್‌ನ ವಿಳಾಸದ ಅಂಕಿಗಳು, ಇವೆರಡನ್ನೂ ಕಳಿಸು.

ಒಂದು ನಿಯಮ. ಪರದೆಯ ಮೇಲೆ ಏನು ಬಂದರೂ ಅಕ್ಷರ ಬಿಡದೆ ಪೆನ್ಸಿಲಿನಲ್ಲಿ ನಕಲು ಮಾಡು. ಫೋನಿನಲ್ಲಿ ಫೋಟೋ ತೆಗೆಯಬೇಡ, ನಿನ್ನ ಫೋಟೋದಲ್ಲಿ ಹೊಳಪು ಬಿಟ್ಟರೆ ಬೇರೇನೂ ಕಾಣುವುದಿಲ್ಲ. "ಏನೋ ತಪ್ಪಾಗಿದೆಯಂತೆ" ಎಂದು ಬರೆದರೆ ನನಗೆ ಉಪಯೋಗವಿಲ್ಲ. ಯಂತ್ರ ಯಾಕೆ ಕೆಟ್ಟಿತು ಎಂದು ಬಹಳ ಸಲ ಯಂತ್ರವೇ ಒಂದು ಸಾಲಿನಲ್ಲಿ ಹೇಳಿರುತ್ತದೆ. ಜನ ಅದನ್ನು ಓದದೆ ಮುಂದಕ್ಕೆ ಒತ್ತಿಬಿಡುತ್ತಾರೆ.

ಅಪ್ಪನ ಡಬ್ಬಿಯಿಂದ ಟೀಚರಮ್ಮನ ಅಳತೆಯ ಕಾರ್ಡನ್ನೂ ತೆಗೆದಿಡು. ಅವರು ಬಿದ್ದಾಗ ಅದು ಕಾಣೆಯಾಗಿತ್ತು. ಈಗ ಸಿಕ್ಕಿರಬಹುದು.

ಅಣ್ಣ


೧೯ ಫೆಬ್ರವರಿ

ಅಣ್ಣ,

ನಿನ್ನ ನಿಯಮದಂತೆ ಹನ್ನೊಂದು ಪರದೆಗಳನ್ನು ನಕಲು ಮಾಡಿದ್ದೇನೆ. ಚೌಕದೊಳಗೆ ಚೌಕ, ಅದರೊಳಗೆ ಗೀಟು, ಮೌಸಿನ ಬಾಣ ಎಲ್ಲಿತ್ತು ಎನ್ನುವುದೂ ಇದೆ. ನಾಲ್ಕನೇ ಹಾಳೆಯ ಮೇಲಿರುವ ದುಂಡು ಕಲೆ ಯಂತ್ರದ್ದಲ್ಲ, ನನ್ನ ಲೋಟದ್ದು.

ಮೋಡೆಮ್‌ನ ಅಂಕಿಗಳನ್ನು ಸೋಮವಾರ ಬರೆದಿಟ್ಟೆ. ಅಂಚೆಗೆ ಹಾಕುವ ಮೊದಲು ಮಂಗಳವಾರ ಮತ್ತೆ ನೋಡಿದರೆ ಬೇರೆ ಅಂಕಿಗಳು. ಬುಧವಾರ ಇನ್ನೂ ಬೇರೆ. ನಾನು ತಪ್ಪು ಬರೆದೆ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಗಮನಿಸಿದೆ. ಬೂಟಿನ ಎತ್ತರಕ್ಕೆ ಹಾಕುವ ಕಾರ್ಕನ್ನು ಉಜ್ಜುವ ಗ್ರೈಂಡರಿನ ಸ್ವಿಚ್ ಹಾಕಿದ ತಕ್ಷಣ ಮೋಡೆಮ್‌ನ ಹಸಿರು ದೀಪ ಆರಿ ಕೆಂಪಾಗುತ್ತದೆ, ಎರಡು ನಿಮಿಷ ಬಿಟ್ಟು ಮತ್ತೆ ಹಸಿರಾಗುತ್ತದೆ. ಎರಡೂ ಒಂದೇ ಪ್ಲಗ್ ಬೋರ್ಡಿನಲ್ಲಿವೆ. ಆ ಬೋರ್ಡನ್ನು ಅಲ್ಲಿ ಹಾಕಿದ್ದು ನೀನೇ ಎಂದು ನೆನಪಿಸುತ್ತಿದ್ದೇನೆ.

ಇನ್ನೊಂದು. ಯಂತ್ರವನ್ನು ಅರ್ಧ ಗಂಟೆ ಮುಟ್ಟದಿದ್ದರೆ ನಿದ್ದೆ ಹೋಗುತ್ತದೆ.

ಕಾರ್ಡನ್ನು ಹುಡುಕುತ್ತಿದ್ದೇನೆ.

ನಿನ್ನ ತಂಗಿ


೨೭ ಫೆಬ್ರವರಿ

ತಂಗಿಗೆ,

ನಕಲುಗಳು ಚೆನ್ನಾಗಿವೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರು ಕಳಿಸುವ ವರದಿಗಿಂತ ಚೆನ್ನಾಗಿವೆ. ದೋಷವನ್ನೂ ನೀನೇ ಹಿಡಿದಿದ್ದೀಯ. ಗ್ರೈಂಡರ್ ಎಳೆದಾಗ ಮೋಡೆಮ್ ಆರುತ್ತದೆ, ಪ್ರತಿ ಸಲ ಎದ್ದಾಗಲೂ ಹೊಸ ವಿಳಾಸ ಪಡೆಯುತ್ತದೆ. ನೀನು ಯಾವ ಅಂಕಿ ಕಳಿಸಿದ್ದರೂ ನಾನು ಹಳೆಯ ವಿಳಾಸದ ಬಾಗಿಲು ಬಡಿಯುತ್ತಿದ್ದೆ. ಬೋರ್ಡಿನ ವಿಷಯದಲ್ಲಿ ತಪ್ಪು ನನ್ನದು.

ಮಾಡಬೇಕಾದದ್ದು ಮೂರು. ಮೋಡೆಮನ್ನು ಬೇರೆ ಗೋಡೆಯ ಪ್ಲಗ್ಗಿಗೆ ಹಾಕು. ಇಂಟರ್ನೆಟ್ ಕಂಪನಿಯವರಿಗೆ ಹೇಳಿ ವಿಳಾಸವನ್ನು ಖಾಯಂ ಮಾಡಿಸಿ ಆ ಅಂಕಿಗಳನ್ನು ನನ್ನ ಫೋನಿಗೆ ಮೆಸೇಜ್ ಮಾಡು, ಅವರಿಗೆ ಕೊಡಬೇಕಾದ ಚೀಟಿ ಇದರೊಂದಿಗಿದೆ. ಯಂತ್ರದ ನಿದ್ದೆಯನ್ನು ನಿಲ್ಲಿಸು.

ನನಗೆ ರಜೆ ಇರುವುದು ಶುಕ್ರವಾರ. ಮಾರ್ಚ್ ಏಳರಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಅಪ್ಪ ಶಟರ್ ಎತ್ತುತ್ತಿದ್ದ ಹೊತ್ತು, ನಿನಗೆ ಮರೆಯುವುದಿಲ್ಲ. ನಿನ್ನ ಹೆಸರಿನಲ್ಲೇ, ನಿನ್ನ ಪಾಸ್‌ವರ್ಡಿನಲ್ಲೇ ಒಳಗೆ ಬರುತ್ತೇನೆ. ಅಚ್ಚು ತಿದ್ದುವುದಕ್ಕೆ ಒಂದು ಗಂಟೆ ಸಿಕ್ಕರೆ ಸಾಕು.

ಅಣ್ಣ


೨೨ ಮಾರ್ಚ್

ಅಣ್ಣ,

ಮೂರು ಶುಕ್ರವಾರಗಳ ವರದಿ.

ಏಳನೇ ತಾರೀಖು ಒಗೆದ ಏಪ್ರನ್ ಹಾಕಿಕೊಂಡು ಒಂಬತ್ತೂಮುಕ್ಕಾಲಿಗೇ ಕುಳಿತೆ. ನಗಬೇಡ. ಬಾಣ ತಾನೇ ತಾನಾಗಿ ಓಡಾಡುತ್ತದೆ, ನೀನು ಗೆರೆ ಎಳೆಯುವುದನ್ನು ನೋಡಬಹುದು ಎಂದುಕೊಂಡಿದ್ದೆ. ಹತ್ತು ಹೊಡೆಯಿತು. ಪರದೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿತು. ನನ್ನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ, ಅಷ್ಟೇ. ನೀನು ಬರುವ ಹೊತ್ತಿಗೆ ಬಾಗಿಲು ಹಾಕಿಕೊಂಡಿತಲ್ಲ ಎಂದು ಗಾಬರಿಯಾಗಿ ಪಾಸ್‌ವರ್ಡ್ ಹೊಡೆದು ತೆರೆದೆ. ಆಮೇಲೆ ಹನ್ನೊಂದರವರೆಗೆ ಕಾದೆ. ಬಾಣ ಅಲುಗಲಿಲ್ಲ.

ಹದಿನಾಲ್ಕಕ್ಕೂ ಹಾಗೆಯೇ. ಇಪ್ಪತ್ತೊಂದಕ್ಕೆ ಎರಡು ಸಲ ಮುಚ್ಚಿತು, ಎರಡು ಸಲವೂ ತೆರೆದೆ. ಮುಚ್ಚಿದ ಪರದೆಯ ನಕಲು ಜೊತೆಗಿದೆ. ಅದರಲ್ಲಿ ನಕಲು ಮಾಡುವುದಕ್ಕೆ ಹೆಚ್ಚೇನೂ ಇಲ್ಲ.

ನಿನ್ನ ಕಡೆ ಏನು ಕಾಣುತ್ತದೆ?

ನಿನ್ನ ತಂಗಿ


೨೯ ಮಾರ್ಚ್

ತಂಗಿಗೆ,

ನನ್ನ ಕಡೆ ಪರದೆ ಕಪ್ಪಾಗುತ್ತದೆ, ಅಷ್ಟೇ. ನಿನ್ನೆಯೂ ಹಾಗೇ ಆಯಿತು. ಒಳಗೆ ಬಂದೆ, ಹಳದಿ ಗೋಡೆಯ ಮುಂದೆ ಅಪ್ಪ ನಿಂತಿರುವ ಆ ಚಿತ್ರ ಕಂಡಿತು, ಗಿರಾಕಿಗಳ ಪಟ್ಟಿ ತೆರೆಯುವಷ್ಟರಲ್ಲಿ ಹೋಯಿತು. ಹೆಚ್ಚೆಂದರೆ ನಲವತ್ತು ಸೆಕೆಂಡು.

ಮೋಡೆಮ್‌ನಿಂದ ಯಂತ್ರಕ್ಕೆ ಬರುವ ವೈರಿನ ಎರಡೂ ತುದಿ ಬಿಗಿಯಾಗಿವೆಯೇ ನೋಡು. ಕಿಟಕಿಯ ಚೌಕಟ್ಟು ವೈರನ್ನು ಕಚ್ಚುತ್ತಿದ್ದರೆ ಬೇರೆ ವೈರು ಹಾಕು. ಮೋಡೆಮನ್ನು ಒಂದು ಸಲ ಆರಿಸಿ ಹೊತ್ತಿಸು.

ಕಿಟಕಿಯ ಪಕ್ಕದ ನನ್ನ ಬೆಂಚಿನ ಮೇಲೆ ಈಗ ಏನಿಟ್ಟಿದ್ದೀಯ? ಪರದೆಯಲ್ಲಿ ಅದೊಂದು ಕಾಣುವುದಿಲ್ಲ.

ಕಾರ್ಡಿನ ವಿಷಯ ನೀನು ಬರೆಯಲಿಲ್ಲ.

ಅಣ್ಣ


೧೨ ಏಪ್ರಿಲ್

ಅಣ್ಣ,

ವೈರು ಹೊಸದು ಹಾಕಿದ್ದಾಯಿತು. ಕಿಟಕಿಯ ಚೌಕಟ್ಟು ಯಾರನ್ನೂ ಕಚ್ಚುತ್ತಿಲ್ಲ. ಮೋಡೆಮನ್ನು ಆರಿಸಿ ಹೊತ್ತಿಸಿದೆ. ಆದರೂ ನಾಲ್ಕನೇ ತಾರೀಖಿಗೂ ಸಂಪರ್ಕ ಹೋಯಿತು, ನಿನ್ನೆ ಹನ್ನೊಂದನೇ ತಾರೀಖಿಗೂ ಹೋಯಿತು. ಯಂತ್ರಕ್ಕೆ ವಯಸ್ಸಾಯಿತು ಅಂತ ಕಾಣುತ್ತದೆ.

ನಿನ್ನ ಬೆಂಚಿನ ಮೇಲೆ ಏನೂ ಇಟ್ಟಿಲ್ಲ. ಇಡಬೇಕು ಎಂದು ಎಷ್ಟೋ ಸಲ ಹೋಗಿದ್ದೇನೆ, ಇಡಲು ಮನಸ್ಸು ಬರಲಿಲ್ಲ.

ಟೀಚರಮ್ಮನ ಅಟ್ಟೆಯನ್ನು ಮೂರನೇ ಸಲ ಅಂಟಿಸಿಕೊಟ್ಟೆ. ಅಂಟು ಹಿಡಿಯಲು ಅಲ್ಲಿ ಚರ್ಮವೇ ಉಳಿದಿಲ್ಲ. ಮೊದಲು ಗ್ರಂಥಾಲಯದವರೆಗೆ ಹೋಗುತ್ತಿದ್ದರು, ಈಗ ರಸ್ತೆಯ ತಿರುವಿನವರೆಗೆ ಬಂದು ಲೈಟು ಕಂಬ ಹಿಡಿದು ನಿಂತು ಹಿಂದಿರುಗುತ್ತಾರೆ. ನಮ್ಮ ಅಂಗಡಿಯಿಂದ ಆ ಕಂಬ ಕಾಣುತ್ತದೆ. "ನಿಮ್ಮಣ್ಣ ಬಂದ್ನಾ ಕಂಪ್ಯೂಟರೊಳಗೆ?" ಎಂದು ಕೇಳುತ್ತಾರೆ. "ಬರ್ತಾನೆ, ಹೋಗ್ತಾನೆ ಟೀಚರ್," ಅನ್ನುತ್ತೇನೆ. "ಮೂರನೇ ಕ್ಲಾಸಲ್ಲೂ ಹಾಗೇ ಮಾಡ್ತಿದ್ದ," ಅಂದರು.

ಬೇರೆ ವಿಶೇಷ ಇಲ್ಲ.

ನಿನ್ನ ತಂಗಿ


೧೯ ಏಪ್ರಿಲ್

ತಂಗಿಗೆ,

ನಿನ್ನೆ ಹನ್ನೆರಡು ಸೆಕೆಂಡು. ಇದುವರೆಗಿನ ಅತಿ ಕಡಿಮೆ.

ವೈರಿನಲ್ಲಿ ದೋಷವಿಲ್ಲ, ಮೋಡೆಮ್‌ನಲ್ಲಿ ಇಲ್ಲ, ನನ್ನ ಕಡೆಯ ಯಂತ್ರದಲ್ಲೂ ಇಲ್ಲ. ಪರದೆಯ ಮೇಲೆ ಇದ್ದದ್ದನ್ನೆಲ್ಲ ನೀನು ಬರೆದು ಕಳಿಸಿದ್ದೀಯ. ಬೇರೆ ಏನಾದರೂ ಬರೆಯದೆ ಬಿಟ್ಟಿದ್ದರೆ ನೋಡು. ಮುಂದಿನ ಶುಕ್ರವಾರ ಒಂದು ಸಲ ಬರುತ್ತೇನೆ. ಆಮೇಲೆ ಬೇರೆ ಯಾರಿಂದಾದರೂ ಮಾಡಿಸಿ ಎಂದು ಟೀಚರಮ್ಮನಿಗೆ ನಾನೇ ಬರೆಯುತ್ತೇನೆ.

ಅಣ್ಣ


೨೬ ಏಪ್ರಿಲ್

ಅಣ್ಣ,

ನಿನ್ನೆಯೂ ನಿನ್ನನ್ನು ಹೊರಗೆ ಹಾಕಿದವಳು ನಾನೇ.

ಮೊದಲ ಮೂರು ಶುಕ್ರವಾರ ನನಗೆ ಗೊತ್ತಿರಲಿಲ್ಲ. ನಿನಗೆ ಬಾಗಿಲು ತೆರೆಯುತ್ತಿದ್ದೇನೆ ಎಂದೇ ನಂಬಿದ್ದೆ. ನಿನಗೆ ಆ ಮೂರು ಶುಕ್ರವಾರಗಳ ವರದಿ ಹಾಕಿ ಎರಡು ದಿನಕ್ಕೆ ಜೆರಾಕ್ಸ್ ಅಂಗಡಿಯಾಕೆಯ ಹತ್ತಿರ ಇದನ್ನೇ ಹೇಳಿಕೊಂಡೆ. ಆಕೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಪರದೆ ಮುಚ್ಕೊಂಡ್ರೆ ಅವರು ಒಳಗೆ ಬಂದ್ರು ಅಂತ ಕಣ್ರೀ! ಆ ಯಂತ್ರದಲ್ಲಿ ಒಂದು ಹೆಸರಿಗೆ ಒಬ್ಬರೇ ಕೂರೋದು. ನೀವು ಪಾಸ್‌ವರ್ಡ್ ಹೊಡೆದ ತಕ್ಷಣ ಅವರು ಆಚೆ," ಅಂದಳು. ಮನೆಗೆ ಬರುವವರೆಗೂ ನಗುತ್ತಲೇ ಬಂದೆ. ಇದನ್ನು ನಿನಗೆ ಬರೆಯಬೇಕು, ನೀನು ನನ್ನನ್ನು ಹೇಗೆಲ್ಲ ಆಡಿಕೊಳ್ಳಬಹುದು ಎಂದು ಯೋಚಿಸುತ್ತಿದ್ದೆ.

ಅದೇ ವಾರದ ಶುಕ್ರವಾರ ಹತ್ತಕ್ಕೆ ಪರದೆ ಮುಚ್ಚಿತು. ಸುಮ್ಮನೆ ಕುಳಿತಿರಬೇಕಿತ್ತು. ಈಗ ಗಿರಾಕಿಗಳ ಪಟ್ಟಿ ತೆರೆದಿರುತ್ತಾನೆ, ಈಗ ಟೀಚರಮ್ಮನ ಹೆಸರಿಗೆ ಬಂದಿರುತ್ತಾನೆ ಎಂದು ಮನಸ್ಸಿನಲ್ಲಿ ಎಣಿಸತೊಡಗಿದೆ. ಕೈ ತಾನಾಗಿ ಕೀಲಿಮಣೆಗೆ ಹೋಯಿತು. ಅಲ್ಲಿಂದ ನಿನ್ನೆಯವರೆಗೆ ಐದು ಶುಕ್ರವಾರ. ಐದೂ ಗೊತ್ತಿದ್ದೇ ಮಾಡಿದ್ದು. ವೈರು ಬದಲಾಯಿಸಿದ್ದು, ಮೋಡೆಮ್ ಆರಿಸಿದ್ದು ಎಲ್ಲ ನಾಟಕ.

ಕಾರ್ಡು ಕಳೆದಿರಲಿಲ್ಲ. ಅವರು ಬಿದ್ದ ದಿನವೇ ಸಿಕ್ಕಿತು, ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಇದರ ಜೊತೆ ಕಳಿಸುತ್ತಿದ್ದೇನೆ. ನೋಡು, ಅಪ್ಪನ ಅಕ್ಷರ. ಬಲಗಾಲಿನ ಎತ್ತರ ಇಪ್ಪತ್ತಾರು ಮಿಲಿಮೀಟರ್, ಅದರ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ. ಅಪ್ಪ ಎಲ್ಲರ ಅಳತೆಯನ್ನೂ ಬರಿಗಾಲಿನಲ್ಲೇ ತೆಗೆಯುತ್ತಿದ್ದ. ಟೀಚರಮ್ಮ ಬಲಗಾಲಿಗೆ ಮಾತ್ರ ಎರಡು ಉಣ್ಣೆಯ ಕಾಲುಚೀಲ ಹಾಕುತ್ತಾರೆ, ಅದಕ್ಕೆ ನಾಲ್ಕು ಕಳೆಯಬೇಕು. ಆ ನಾಲ್ಕಕ್ಕೆ ಈ ಚುಕ್ಕೆ. ಅಪ್ಪ ಹೋದ ಮೇಲೆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದವಳು ನಾನು. ಅಂಕಿಯನ್ನು ಹಾಕಿದೆ, ಚುಕ್ಕೆಯನ್ನು ಮರೆತೆ. ನಿನಗೆ ಪರದೆಯಲ್ಲಿ ಕಂಡದ್ದು ಬರೀ ಇಪ್ಪತ್ತಾರು. ಆ ಅಂಕಿಯನ್ನು ನೀನು ಮತ್ತೆ ನೋಡಬಾರದು ಎಂದೇ ನಿನ್ನನ್ನು ಹೊರಗೆ ಹಾಕಿದ್ದು.

ಕಾರ್ಡು ಸಿಗುವುದಕ್ಕೆ ಒಂದು ಗಂಟೆ ಮೊದಲು ನಾಲ್ಕು ಜನರ ಮುಂದೆ ಆ ಮಾತು ಆಡಿಬಿಟ್ಟಿದ್ದೆ. ನೀನು ಏಪ್ರನ್ ಬಿಚ್ಚಿಟ್ಟು ಹೋದೆ. ಹಿಂದಿನಿಂದ ಓಡಿಬಂದು ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಎರಡು ವರ್ಷ ದಿನವೂ ಹಾಗೇ ಅಂದುಕೊಂಡಿದ್ದೇನೆ. ನನಗೆ ನಾಚಿಕೆಯಾಗುತ್ತದೆ ಅಣ್ಣ, ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ನಿನ್ನ ತಂಗಿ


೪ ಮೇ

ತಂಗಿಗೆ,

ಕಾರ್ಡು ತಲುಪಿತು. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಈಗ ನನ್ನದನ್ನು ಬರೆಯುತ್ತೇನೆ.

ನನ್ನ ಕಡೆ ಪರದೆ ಬರೀ ಕಪ್ಪಾಗುತ್ತದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಪ್ರತಿ ಸಲವೂ ಒಂದು ಸಾಲು ಬರುತ್ತಿತ್ತು. "ಈ ಕಂಪ್ಯೂಟರಿಗೆ ಇನ್ನೊಬ್ಬರು ಬಂದಿದ್ದಾರೆ, ಆದ್ದರಿಂದ ನಿಮ್ಮ ಸಂಪರ್ಕ ಕಡಿದಿದೆ" ಎಂದು ಅದರ ಅರ್ಥ. ಮಾರ್ಚ್ ಏಳರಂದೇ ಓದಿದೆ. ಇನ್ನೊಬ್ಬರು ಯಾರು ಎಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. "ತಂಗಿ, ಪರದೆ ಮುಚ್ಚಿದಾಗ ಮುಟ್ಟಬೇಡ" ಎಂದು ಒಂದು ಸಾಲು ಬರೆದಿದ್ದರೆ ಮಾರ್ಚ್ ಹದಿನಾಲ್ಕಕ್ಕೆ ಕೆಲಸ ಮುಗಿಯುತ್ತಿತ್ತು. ನಿನ್ನಿಂದ ಅಕ್ಷರ ಬಿಡದೆ ನಕಲು ಮಾಡಿಸಿದವನು ನನ್ನ ಒಂದು ಸಾಲನ್ನು ಬಿಟ್ಟೆ. ನಿನಗೆ ವೈರು ನೋಡು, ಕಿಟಕಿ ನೋಡು ಎಂದೆ.

ಯಾಕೆಂದರೆ ಆ ಫೈಲನ್ನು ತೆರೆಯಲು ನನಗೂ ಇಷ್ಟವಿರಲಿಲ್ಲ.

ಟೀಚರಮ್ಮನ ಬೂಟಿನ ಕಾರ್ಕನ್ನು ಅದಕ್ಕೆ ಮೊದಲು ಒಂಬತ್ತು ಸಲ ಕತ್ತರಿಸಿದ್ದೇನೆ, ಅಪ್ಪನ ಕಣ್ಣ ಮುಂದೆ. ಆ ಸಲ ಕೈಗೆ ತೆಗೆದುಕೊಂಡಾಗಲೇ ದಪ್ಪ ಅನ್ನಿಸಿತು. ಉಣ್ಣೆಯ ಕಾಲುಚೀಲ ನೆನಪಾಯಿತು. ನೀನು ಹತ್ತು ಹೆಜ್ಜೆ ಆಚೆ ಕುಳಿತಿದ್ದೆ. ಕಾರ್ಡು ಎಲ್ಲಿ ಎಂದು ಕೇಳಬೇಕಿತ್ತು. ಆ ವಾರ ನಾವು ಮಾತು ಬಿಟ್ಟಿದ್ದೆವು, ಅಂಟಿನ ಡಬ್ಬದ ಮುಚ್ಚಳ ಯಾರು ತೆರೆದಿಟ್ಟರು ಎನ್ನುವುದಕ್ಕೆ. ಅವಳು ಹಾಕಿದ ಅಂಕಿ, ತಪ್ಪಾದರೆ ಅವಳೇ ಅನುಭವಿಸಲಿ ಎಂದುಕೊಂಡು ಇಪ್ಪತ್ತಾರಕ್ಕೇ ಕತ್ತರಿಸಿದೆ. ಬೂಟು ಹಾಕಿದಾಗ ಅವರೇ ಬಿಗಿ ಅಂತಾರೆ, ವಾಪಸ್ಸು ಬರುತ್ತದೆ, ನಿನಗೆ ಮುಖಭಂಗ ಆಗುತ್ತದೆ, ಇಷ್ಟೇ ನನ್ನ ಲೆಕ್ಕ. ಅವರು ಏನೂ ಅನ್ನದೆ ಹಾಕಿಕೊಂಡು ಹೋದರು. ಮೂರನೇ ದಿನ ಬಿದ್ದರು.

ನೀನು ಬೈದಾಗ ನಾನು ಬಾಯಿ ಬಿಡಲಿಲ್ಲ ಎಂದು ಎಲ್ಲರೂ ನನ್ನನ್ನು ದೊಡ್ಡ ಮನುಷ್ಯ ಮಾಡಿದರು. ಚಿಕ್ಕಮ್ಮ ಇಂದಿಗೂ ಹೇಳುತ್ತಾಳೆ. ಬಾಯಿ ಬಿಟ್ಟಿದ್ದರೆ ಇದೆಲ್ಲ ಹೇಳಬೇಕಾಗುತ್ತಿತ್ತು.

ನೀನು ಮರೆತದ್ದು. ನಾನು ಗೊತ್ತಿದ್ದು ಮಾಡಿದ್ದು. ಎರಡನ್ನೂ ಟೀಚರಮ್ಮನಿಗೆ ಹೇಳು. ನನ್ನ ಭಾಗಕ್ಕೆ ಈ ಕಾಗದವನ್ನೇ ಅವರ ಕೈಗೆ ಕೊಡು.

ಹದಿನಾರನೇ ತಾರೀಖು ಶುಕ್ರವಾರ, ಹತ್ತಕ್ಕೆ ಬರುತ್ತೇನೆ. ಪರದೆ ಮುಚ್ಚಿಕೊಂಡರೆ ನಾನು ಒಳಗಿದ್ದೇನೆ ಎಂದು ತಿಳಿ.

ಅಣ್ಣ


೩ ಜೂನ್

ಅಣ್ಣ,

ಟೀಚರಮ್ಮ ಇವತ್ತು ಹೊಸ ಜೋಡಿ ಹಾಕಿಕೊಂಡು ಹೋದರು. ಹಾಕಿಸಿದ ಮೇಲೆ ಅಂಗಡಿಯೊಳಗೆ ಎಂಟು ಸುತ್ತು ನಡೆಸಿದೆ, ಬಿಗಿಯೇ, ಎತ್ತರವೇ, ನಿಜ ಹೇಳಿ ಎಂದು ಪ್ರತಿ ಸುತ್ತಿಗೂ ಕೇಳಿದೆ. "ಸರಿಯಾಗಿದೆ ಅಂದೆನಲ್ಲ, ಪ್ರಾಣ ತಿನ್ನಬೇಡ," ಎಂದು ಗದರಿದರು. ಲೈಟು ಕಂಬದವರೆಗೆ ಹೋಗಿ, ಅದನ್ನು ಹಿಡಿಯದೆ, ತಿರುವು ದಾಟಿದರು. ಆಮೇಲೆ ನನಗೆ ಕಾಣಲಿಲ್ಲ.

ಎರಡೂ ವಿಷಯವನ್ನು ಕಳೆದ ತಿಂಗಳೇ ಅವರ ಮನೆಗೆ ಹೋಗಿ ಹೇಳಿದ್ದೆ. ನಿನ್ನ ಕಾಗದವನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು. ಮುರಿದಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸವರಿದರು. ನಾನು ಕ್ಷಮೆ ಕೇಳಿದೆ. "ಕ್ಲಾಸು ಬೇರೆ ಆದ್ರೂ ಇಬ್ರೂ ಒಂದೇ ಬೆಂಚಲ್ಲಿ ಕೂತು ಒಬ್ಬರ ಸ್ಲೇಟು ಒಬ್ಬರು ಒರೆಸ್ತಿದ್ರಿ. ಅವತ್ತೇ ಬೇರೆ ಬೇರೆ ಕೂರಿಸ್ಬೇಕಿತ್ತು," ಅಂದರು. ಕ್ಷಮಿಸಿದೆ ಅನ್ನಲಿಲ್ಲ. ಬೂಟು ಯಾವಾಗ ಕೊಡ್ತೀರಿ ಎಂದು ಕೇಳಿದರು.

ಆ ಹದಿನಾರನೇ ತಾರೀಖಿನದು ನಿನಗೆ ಬರೆದಿಲ್ಲ. ಅವತ್ತು ಹತ್ತಕ್ಕೆ ಪರದೆ ಮುಚ್ಚಿತು. ಹೊರಗೆ ಹೋಗಿ ಬರೋಣ, ಎದುರಿಗಿದ್ದರೆ ತಾನೇ ಕೈ ಹೋಗುವುದು ಎಂದು ಎದ್ದೆ. ಹೋಗಲಿಲ್ಲ. ನಿನ್ನ ಬೆಂಚನ್ನು ಎಳೆದು ತಂದು ಯಂತ್ರದ ಮುಂದೆ ಹಾಕಿಕೊಂಡು ಕುಳಿತೆ. ನನ್ನ ಹೆಸರು, ಅದರ ಕೆಳಗೆ ಖಾಲಿ ಚೌಕ. ನಡುವೆ ಇಬ್ಬರು ಗಿರಾಕಿಗಳು ಬಂದರು. "ಕಂಪ್ಯೂಟರ್ ಕೆಟ್ಟಿದೆಯಾ?" ಎಂದು ಒಬ್ಬರು ಕೇಳಿದರು. "ಇಲ್ಲ, ಅಣ್ಣ ಕೆಲಸ ಮಾಡ್ತಿದ್ದಾನೆ. ಸ್ವಲ್ಪ ಕೂತ್ಕೊಳ್ಳಿ," ಅಂದೆ. ಅವರು ಮುಚ್ಚಿದ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಕೂತರು.

ಹನ್ನೊಂದೂ ಹತ್ತಕ್ಕೆ ನೀನು ಹೋದೆ ಎಂದು ಆಮೇಲೆ ಫೈಲಿನಲ್ಲಿ ನೋಡಿದೆ. ಇಪ್ಪತ್ತಾರರ ಜಾಗದಲ್ಲಿ ಇಪ್ಪತ್ತೆರಡು, ಪಕ್ಕದ ಖಾಲಿ ಜಾಗದಲ್ಲಿ ಒಂದು ಚುಕ್ಕೆ. ನೀನು ಯಾವಾಗ ಹೋದೆ ಎಂದು ನನಗೆ ಆಗ ತಿಳಿಯಲಿಲ್ಲ, ಪರದೆ ಅದನ್ನು ಹೇಳುವುದಿಲ್ಲ. ನಾನು ಹನ್ನೆರಡೂವರೆಯವರೆಗೆ ಕುಳಿತೇ ಇದ್ದೆ. ಮುಟ್ಟಲಿಲ್ಲ.

ನಿನ್ನ ತಂಗಿ